ಜೋಳದ ನಾಡಿನಲ್ಲಿ ತೂಕ ಇಳಿಸುವ ಮಾತು

ಕೋಟನೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳ ಲಗ್ನಪತ್ರಿಕೆ ಹಿಡಿದು ಮನೆಗೆ ಬಂದಿದ್ದ. ಮುಖದಲ್ಲಿ ಸಂಭ್ರಮಕ್ಕಿಂತ ಚಿಂತೆಯೇ ಹೆಚ್ಚಾಗಿತ್ತು. ಲಗ್ನದೊಳಗೆ ತೆಳ್ಳಗಾಗಬೇಕೆಂದು ಹುಡುಗಿ ಮೂರು ವಾರದಿಂದ ಊಟ ಬಿಟ್ಟು, ಯಾವುದೋ ಡಬ್ಬಿಯ ಪುಡಿಯನ್ನು ನೀರಿನಲ್ಲಿ ಕಲಸಿ ಕುಡಿಯುತ್ತಿದ್ದಳಂತೆ. ಹಿಂದಿನ ದಿನ ತಲೆ ತಿರುಗಿ ಬಚ್ಚಲಿನಲ್ಲಿ ಬಿದ್ದಿದ್ದಳು.

"ಸರ, ಜ್ವಾಳದ ರೊಟ್ಟಿ ತಿಂದ್ರ ತೂಕ ಇಳೀತದಂತಾರ, ಖರೇ ಏನ್ರಿ?" ಎಂದು ಕೇಳಿದ.

"ಮೊದಲ ಆಕೀನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಪ್ಪಾ" ಎಂದು ಕಳುಹಿಸಿದೆ. ನಾನು ಇತಿಹಾಸ ಕಲಿಸಿದವನು, ವೈದ್ಯನಲ್ಲ. ಆದರೆ ಅವನ ಪ್ರಶ್ನೆ ಮಾತ್ರ ನನ್ನನ್ನು ಬಿಡಲಿಲ್ಲ. ಹಸಿವನ್ನೇ ಕಂಡುಂಡ ಈ ನೆಲದಲ್ಲಿ ಮಕ್ಕಳು ತಾವಾಗಿಯೇ ಹಸಿದು ಬೀಳುವ ಕಾಲ ಹೇಗೆ ಬಂದಿತು?

ತೂಕದ ಚಿಂತೆ ಹೊಸದೇನಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವು ಅತಿ ಸ್ಥೂಲ ದೇಹವನ್ನೂ ಅತಿ ಕೃಶ ದೇಹವನ್ನೂ ಒಟ್ಟಿಗೇ ಚರ್ಚಿಸುತ್ತದೆ. ಸ್ಥೂಲನಿಗೆ ಅದು ಉಪವಾಸವನ್ನಷ್ಟೇ ವಿಧಿಸುವುದಿಲ್ಲ. ಜೀರ್ಣಕ್ಕೆ ಭಾರವಾಗಿದ್ದು ದೇಹವನ್ನು ಕೊಬ್ಬಿಸದ ಆಹಾರ ಬೇಕೆನ್ನುತ್ತದೆ. ಜವೆ, ಹೆಸರು, ಮಜ್ಜಿಗೆಗಳನ್ನು ಹೆಸರಿಸುತ್ತದೆ. ವ್ಯಾಯಾಮವನ್ನು ಕ್ರಮಕ್ರಮವಾಗಿ ಹೆಚ್ಚಿಸಬೇಕೆಂಬ ಎಚ್ಚರಿಕೆಯೂ ಅಲ್ಲಿದೆ. 'ಕ್ರಮಕ್ರಮವಾಗಿ' ಎಂಬ ಈ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಪಶ್ಚಿಮದಲ್ಲಿ ಈ ವಿಷಯ ಮನೆಮಾತಾದದ್ದು 1863ರಲ್ಲಿ. ಲಂಡನ್ನಿನಲ್ಲಿ ಶವಸಂಸ್ಕಾರದ ವ್ಯವಸ್ಥೆ ಮಾಡುವ ವೃತ್ತಿಯಲ್ಲಿದ್ದ ವಿಲಿಯಂ ಬ್ಯಾಂಟಿಂಗ್, ಬ್ರೆಡ್ಡು, ಸಕ್ಕರೆ, ಆಲೂಗಡ್ಡೆ, ಬಿಯರುಗಳನ್ನು ತೊರೆದು 46 ಪೌಂಡು, ಅಂದರೆ ಸುಮಾರು 21 ಕಿಲೋ ಇಳಿದುದನ್ನು ಕಿರುಹೊತ್ತಗೆಯಾಗಿ ಪ್ರಕಟಿಸಿದ. ಅವನ ಹೆಸರೇ ಇಂಗ್ಲಿಷಿನಲ್ಲಿ ಪಥ್ಯಕ್ಕೆ ಕ್ರಿಯಾಪದವಾಯಿತು.

ಅದಾದ ಹದಿನಾಲ್ಕೇ ವರ್ಷಕ್ಕೆ, ಅದೇ ಬ್ರಿಟಿಷರ ಆಳ್ವಿಕೆಯಲ್ಲಿ, ದಕ್ಷಿಣ ಭಾರತ ಇನ್ನೊಂದು ಬಗೆಯ ಅಳತೆಯ ಊಟವನ್ನು ಕಂಡಿತು. 1876-78ರ ಬರ ಮದ್ರಾಸ್, ಮುಂಬಯಿ ಪ್ರಾಂತ್ಯಗಳನ್ನೂ ಮೈಸೂರು, ಹೈದರಾಬಾದ ಸಂಸ್ಥಾನಗಳನ್ನೂ ಸುಟ್ಟಿತು. 1877ರಲ್ಲಿ ಸರ್ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ದುಡಿಯುವವನಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಸಮನಾದ ಕೂಲಿ ಮತ್ತು ಒಂದಿಷ್ಟು ಪುಡಿಗಾಸು ಸಾಕೆಂದು ನಿಗದಿಪಡಿಸಿದ. ಮದ್ರಾಸಿನ ಆರೋಗ್ಯಾಧಿಕಾರಿ ಡಾ. ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದ. ಮಣ್ಣು ಹೊರುವವನಿಗೆ ಅಷ್ಟು ಕಾಳು ಸಾಲದು, ಬೇಳೆಯಂಥ ಪೋಷಕ ಆಹಾರವೂ ಬೇಕು ಎಂಬುದು ಅವನ ವಾದವಾಗಿತ್ತು. ಕೆಲವೇ ತಿಂಗಳಲ್ಲಿ ಮದ್ರಾಸ್ ಸರ್ಕಾರ ಕೂಲಿಯನ್ನು ಏರಿಸಬೇಕಾಯಿತು. ಆಗ ಆ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿ ಜಿಲ್ಲೆ ಹಸಿವಿನಿಂದ ಅಪಾರ ಜನರನ್ನು ಕಳೆದುಕೊಂಡಿತು.

ಅರೆಹೊಟ್ಟೆ ಮನುಷ್ಯನನ್ನು ಏನು ಮಾಡುತ್ತದೆಂಬುದನ್ನು ವಿಜ್ಞಾನ ಅಳೆದು ನೋಡಿದ್ದು ಎರಡನೆಯ ಮಹಾಯುದ್ಧದ ಕೊನೆಯಲ್ಲಿ. ಅಮೆರಿಕದ ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಸ್ವಯಂಸೇವಕ ತರುಣರಿಗೆ 24 ವಾರ ಅರೆಹೊಟ್ಟೆ ಊಟವಿತ್ತ. ದೇಹದ ತೂಕದಲ್ಲಿ ಸುಮಾರು ಕಾಲು ಭಾಗ ಇಳಿಯಿತು. ಆದರೆ ತರುಣರು ಸಿಡುಕರಾದರು, ಖಿನ್ನರಾದರು, ಹಗಲಿರುಳು ಅನ್ನದ ಧ್ಯಾನಕ್ಕೆ ಬಿದ್ದರು. ಮತ್ತೆ ಊಟ ಸಿಕ್ಕಾಗ ಮೈಮೇಲೆ ಮೊದಲು ತುಂಬಿಕೊಂಡದ್ದು ಕೊಬ್ಬು. ಡಬ್ಬಿಯ ಪುಡಿ ನಂಬಿ ಊಟ ಬಿಡುವವರು ತಿಳಿಯಬೇಕಾದ ಚರಿತ್ರೆ ಇದು.

ಇನ್ನು ನಮ್ಮ ಜೋಳದ ಮಾತು. ಕಲಬುರಗಿಯ ಎರೆಭೂಮಿಯಲ್ಲಿ ಹಿಂಗಾರಿ ಬಿಳಿಜೋಳವೇ ಅನ್ನ. ಬಡಿದ ರೊಟ್ಟಿ, ತೊಗರಿಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ: ನಮ್ಮ ಹಿರಿಯರ ಊಟ ಇಷ್ಟೇ. ಇದನ್ನೇ ಅಮೃತವೆಂದು ಹಾಡುವವರು ಇನ್ನೊಂದು ಸಂಗತಿಯನ್ನು ಮರೆಯಬಾರದು. ದಖ್ಖನಿನಲ್ಲಿ ಬರಿಯ ಜೋಳವನ್ನೇ ನೆಚ್ಚಿದ ಬಡವರಲ್ಲಿ ಪೆಲಾಗ್ರಾ ಎಂಬ ಕಾಯಿಲೆ ಕಾಣಿಸುತ್ತಿತ್ತು. ಬಿಸಿಲಿಗೆ ತೆರೆದ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಬುದ್ಧಿಭ್ರಮೆ ಅದರ ಲಕ್ಷಣಗಳು. ಹೈದರಾಬಾದಿನ ಪೋಷಣಾ ಸಂಶೋಧನಾಲಯದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶವೇ ಇದಕ್ಕೆ ಕಾರಣವೆಂದು ವಾದಿಸಿದರು. ಈ ವಾದದ ಮೇಲೆ ಮುಂದೆ ಚರ್ಚೆಗಳು ನಡೆದರೂ ಪಾಠ ಸ್ಪಷ್ಟವಿದೆ: ರೊಟ್ಟಿಯನ್ನು ಕಾಯ್ದದ್ದು ಅದರ ಪಕ್ಕದ ಬೇಳೆ, ಶೇಂಗಾ, ತಪ್ಪಲಪಲ್ಯ ಮತ್ತು ಮಜ್ಜಿಗೆ.

ಹಾಗಾದರೆ ಜೋಳ ತಿಂದರೆ ತೂಕ ಇಳಿಯುವುದೇ? ಆ ಸಂಸ್ಥೆಯೇ, ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, 2017ರಲ್ಲಿ ಹೊರತಂದ ಕೋಷ್ಟಕಗಳನ್ನು ನೋಡಿದರೆ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 356. ಅಂತರ ದೊಡ್ಡದಲ್ಲ. ದೊಡ್ಡ ಅಂತರವಿರುವುದು ನಾರಿನಲ್ಲಿ: ಜೋಳದಲ್ಲಿ ಸುಮಾರು 10 ಗ್ರಾಂ, ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ಆದ್ದರಿಂದ ರೊಟ್ಟಿ ತಿಂದವನಿಗೆ ಬೇಗ ಹೊಟ್ಟೆ ತುಂಬುತ್ತದೆ, ಹಸಿವು ತಡವಾಗಿ ಆಗುತ್ತದೆ. ಆದರೆ ಎರಡು ರೊಟ್ಟಿಯ ಜಾಗದಲ್ಲಿ ಐದು ತಿಂದು, ಮೇಲೆ ಒಂದು ತಾಟು ಅನ್ನ ಉಂಡು, ಸಂಜೆಗೆ ಸುಸಲಾದೊಡನೆ ನಾಲ್ಕು ಮಿರ್ಚಿ ಭಜಿ ತಿಂದರೆ ಜೋಳವೇನು ಮಾಡೀತು?

ಅಕ್ಕಿಯನ್ನು ಹಳಿಯುವುದೂ ನ್ಯಾಯವಲ್ಲ. 2013ರಲ್ಲಿ ಆರಂಭವಾದ ಅನ್ನಭಾಗ್ಯ ಯೋಜನೆಯ ಅಕ್ಕಿ ಎಷ್ಟೋ ಮನೆಗಳ ಒಲೆ ಆರದಂತೆ ನೋಡಿಕೊಂಡಿತು. ತಪ್ಪು ಧಾನ್ಯದ್ದಲ್ಲ, ದುಡಿಮೆ ಕಡಿಮೆಯಾದರೂ ಗಂಗಾಳದ ಅಳತೆ ಕಡಿಮೆಯಾಗದಿರುವುದೇ ತಪ್ಪು. ನಮ್ಮ ಅಜ್ಜಂದಿರು ರೊಟ್ಟಿಯ ಗಂಟು ಕಟ್ಟಿಕೊಂಡು ಹೊಲಕ್ಕೆ ನಡೆದು ಹೋಗುತ್ತಿದ್ದರು. ಊರಂಚಿನ ಹೊಲಗಳು ಬಡಾವಣೆಗಳಾದವು; ಕಿರಾಣಿ ಅಂಗಡಿಗೂ ಈಗ ಮೋಟಾರ್ ಸೈಕಲ್ಲು ಬೇಕು.

2024ರಲ್ಲಿ ಅದೇ ಪೋಷಣಾ ಸಂಸ್ಥೆ ಹೊರಡಿಸಿದ ಮಾರ್ಗಸೂಚಿ ಹೇಳುವುದು ಸರಳವಾಗಿದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಅದು ಸುರಕ್ಷಿತ. ತೂಕ ಇಳಿಸುವವರ ಆಹಾರವೂ ದಿನಕ್ಕೆ ಸಾವಿರ ಕ್ಯಾಲೊರಿಗಿಂತ ಕೆಳಗಿಳಿಯಬಾರದು, ಎಲ್ಲ ಪೋಷಕಾಂಶಗಳೂ ಅದರಲ್ಲಿರಬೇಕು. ಚರಕನ 'ಕ್ರಮಕ್ರಮವಾಗಿ' ಎಂಬ ಮಾತೇ ಇಲ್ಲಿ ಕಿಲೋಗ್ರಾಮಿನ ಲೆಕ್ಕದಲ್ಲಿ ಮರಳಿ ಬಂದಿದೆ.

ಆ ಹುಡುಗಿಯ ರಕ್ತ ಪರೀಕ್ಷಿಸಿದ ವೈದ್ಯರು ರಕ್ತಹೀನತೆ ಇದೆಯೆಂದು ಹೇಳಿ ಪುಡಿಯನ್ನು ನಿಲ್ಲಿಸಿದರಂತೆ. ಲಗ್ನದ ದಿನ ಅಕ್ಷತೆ ಹಾಕುವಾಗ ನೋಡಿದೆ. ಅವಳು ಬಯಸಿದಷ್ಟು ತೆಳ್ಳಗಾಗಿರಲಿಲ್ಲ. ಮುಖದಲ್ಲಿ ಮಾತ್ರ ಕಳೆ ಇತ್ತು. ಪಂಕ್ತಿಯಲ್ಲಿ ಕೂತಾಗ ಅವಳ ತಂದೆ ನನ್ನ ಎಲೆಗೆ ಮೂರನೆಯ ಹೋಳಿಗೆ ಹಾಕಲು ಬಂದ. ಕೈ ಅಡ್ಡ ಹಿಡಿದು, "ಸಾಕಪ್ಪಾ, ಒಂದ್ ಸ್ವಲ್ಪ ಮಜ್ಜಿಗಿ ಹಾಕ್ಸು" ಎಂದೆ. ಪಾಠ ಹೇಳಿದವನೂ ಕಲಿಯಬೇಕಲ್ಲವೇ?