ಟುಮೆನ್ ನದಿಯ ಆಚೆಯ ದಡ

ಕೊರಿಯ ದೇಶದ ಈಶಾನ್ಯ ದಿಕ್ಕಿನಲ್ಲಿ ಟುಮೆನ್ ಎಂಬ ನದಿಯೊಂದು ಹರಿಯುತ್ತದೆ. ಅದರಾಚೆಗೆ ಚೀನಕ್ಕೆ ಸೇರಿದ ಮಂಚೂರಿಯ. ಇದೇನೂ ದೊಡ್ಡ ನದಿಯಲ್ಲ. ಮೇಲ್ಭಾಗದಲ್ಲಿ ಅನೇಕ ಕಡೆ ಕಾಲ್ನಡಿಗೆಯಿಂದಲೇ ದಾಟಬಹುದು. ಚಳಿಗಾಲದಲ್ಲಿಯಂತೂ ನೀರು ಹೆಪ್ಪುಗಟ್ಟಿ ಎರಡು ದಡಗಳೂ ಒಂದೇ ನೆಲವಾಗುತ್ತವೆ. ಇಂತಹ ನದಿಯನ್ನು ಎರಡು ರಾಜ್ಯಗಳು ಇನ್ನೂರು ವರ್ಷಗಳಿಗೂ ಮೇಲ್ಪಟ್ಟು ದಾಟಬಾರದ ಗೆರೆಯೆಂದು ಸಾರಿದುವು. ಅದನ್ನು ದಾಟಿ ಬೇಸಾಯಕ್ಕೆ ನಿಂತ ಕೊರಿಯದ ರೈತರ ವಿಷಯವನ್ನು ಈ ಹೊತ್ತು ವಿಚಾರಮಾಡೋಣ.

17ನೆಯ ಶತಮಾನದಲ್ಲಿ ಚೀನದ ಸಿಂಹಾಸನವನ್ನೇರಿದ ಮಂಚು ವಂಶದವರು ತಮ್ಮ ಪೂರ್ವಿಕರ ನಾಡಿನ ಈ ಭಾಗವನ್ನು ಇತರರಿಗೆ ಮುಚ್ಚಿಬಿಟ್ಟರು. ಅಲ್ಲಿನ ಕಾಡುಗಳಲ್ಲಿ ದೊರೆಯುತ್ತಿದ್ದ ಜಿನ್‌ಸೆಂಗ್ ಎಂಬ ಔಷಧದ ಬೇರು ಬಹಳ ಬೆಲೆಬಾಳುವ ವಸ್ತು. ಕೊರಿಯದ ಅರಸರಾದರೂ ನದಿಯನ್ನು ದಾಟಿದ ತಮ್ಮ ಪ್ರಜೆಗಳಿಗೆ ಮರಣದಂಡನೆಯನ್ನು ವಿಧಿಸಿದ್ದರು. 1712ರಲ್ಲಿ ಖಾಂಗ್‌ಶಿ ಚಕ್ರವರ್ತಿಯ ಅಪ್ಪಣೆಯಂತೆ ಮುಕೆದೆಂಗ್ ಎಂಬ ಅಧಿಕಾರಿ ಪೆಕ್ಟು ಪರ್ವತವನ್ನು ಹತ್ತಿ ಎಲ್ಲೆಗಲ್ಲೊಂದನ್ನು ನೆಡಿಸಿದನು. ಪಶ್ಚಿಮಕ್ಕೆ ಯಾಲು ನದಿ, ಪೂರ್ವಕ್ಕೆ ಟುಮೆನ್ ನದಿ ಗಡಿಯೆಂದು ಅದರಲ್ಲಿ ಕೆತ್ತಿಸಿದನು. ಆದರೆ ಆತನು ಟುಮೆನ್ ನದಿಯ ಮೂಲವೆಂದು ತಿಳಿದ ಹಳ್ಳವು ವಾಸ್ತವವಾಗಿ ಉತ್ತರಕ್ಕೆ ತಿರುಗಿ ಸುಂಗಾರಿ ನದಿಯನ್ನು ಸೇರುತ್ತಿದ್ದಿತು. ಅಲ್ಲದೆ ಕಲ್ಲಿನ ಮೇಲಿದ್ದ ನದಿಯ ಹೆಸರಿನ ಅಕ್ಷರಗಳೂ ಕೊರಿಯದವರು ತಮ್ಮ ಹೊಳೆಯ ಹೆಸರಿಗೆ ಬಳಸುತ್ತಿದ್ದ ಅಕ್ಷರಗಳೂ ಬೇರೆಬೇರೆ. ನಾಡೇ ನಿರ್ಜನವಾಗಿದ್ದಾಗ ಈ ತಪ್ಪನ್ನು ಕೇಳುವವರಾರು?

1869-70ರಲ್ಲಿ ಕೊರಿಯದ ಹಾಮ್‌ಗ್ಯೊಂಗ್ ಪ್ರಾಂತದಲ್ಲಿ ಘೋರವಾದ ಕ್ಷಾಮವು ತಲೆದೋರಿತು. ಮನೆಯಲ್ಲಿ ಸಾಯುವುದಕ್ಕಿಂತ ಕಾನೂನಿನಿಂದ ಸಾಯುವುದೇನೂ ಕೆಟ್ಟದ್ದಲ್ಲವೆಂದು ಜನರು ಹೊಳೆಯನ್ನು ದಾಟಿದರು. ಕೆಲವರು 1860ರಲ್ಲಿ ರಷ್ಯಕ್ಕೆ ಸೇರಿದ್ದ ಕರಾವಳಿಯ ಕಡೆಗೆ ಹೋದರು. ಹಲವರು ಎದುರು ದಡದಲ್ಲಿಯೇ ನಿಂತರು. ಮೊದಮೊದಲು ಬೆಳಗ್ಗೆ ಹೋಗಿ ಉತ್ತು ಸಂಜೆ ಮರಳುತ್ತಿದ್ದವರು, ಆಮೇಲೆ ಬಿತ್ತನೆಗೆ ಹೋದವರು ಸುಗ್ಗಿ ಮುಗಿಸಿ ಬರುವಂತಾಯಿತು. ಕಡೆಗೆ ಬರುವುದನ್ನೇ ಬಿಟ್ಟರು. ಆ ನೆಲಕ್ಕೆ ಅವರಿಟ್ಟ ಹೆಸರು ಕಾಂಡೊ. ನಡುಗಡ್ಡೆ ಎಂದು ಅದರ ಅರ್ಥ.

1881ರಲ್ಲಿ ಮಂಚು ಸರಕಾರವು ಆ ನಾಡನ್ನು ತನ್ನ ಪ್ರಜೆಗಳಿಗೆ ತೆರೆಯಲು ನಿಶ್ಚಯಿಸಿತು. ಅಧಿಕಾರಿಗಳು ಬಂದು ನೋಡುವಾಗ್ಗೆ ಹೊಲಗಳು ಆಗಲೇ ಉತ್ತಿದ್ದುವು! ಕೊರಿಯದವರು ಹಿಂದಿರುಗಬೇಕು, ಇಲ್ಲವೆ ಚಕ್ರವರ್ತಿಯ ಪ್ರಜೆಗಳಾಗಬೇಕು ಎಂದು ಆಜ್ಞೆಯಾಯಿತು. ಪ್ರಜೆಯಾಗುವುದರ ಗುರುತು ತಲೆಗೂದಲು. ಮುಂದಲೆಯನ್ನು ಬೋಳಿಸಿ ಹಿಂದೆ ಜಡೆಯನ್ನು ಇಳಿಯಬಿಡುವುದು ಮಂಚುಗಳ ಪದ್ಧತಿ. ಕೂದಲನ್ನು ನೆತ್ತಿಯ ಮೇಲೆ ಗಂಟುಕಟ್ಟುವುದು ಕೊರಿಯದ ಗೃಹಸ್ಥರ ಪದ್ಧತಿ. ತಂದೆತಾಯಿಗಳು ಕೊಟ್ಟ ದೇಹಕ್ಕೆ ಊನ ತಂದುಕೊಳ್ಳಬಾರದೆಂದು ಕನ್‌ಫ್ಯೂಷಿಯಸನ ಮತದಲ್ಲಿ ಬೆಳೆದ ರೈತನಿಗೆ ಇದು ಸಾಮಾನ್ಯವಾದ ಕ್ಷೌರವಾಗಿರಲಿಲ್ಲ. ಆದುದರಿಂದ ಅವರು ಒಂದು ಉಪಾಯವನ್ನು ಕಂಡುಕೊಂಡರು. ಹಲವು ಸಂಸಾರಗಳು ಕೂಡಿ ಒಬ್ಬನನ್ನು ಒಪ್ಪಿಸುವುದು; ಅವನು ತಲೆ ಬೋಳಿಸಿ ಮಂಚು ಉಡುಪನ್ನು ಧರಿಸುವುದು; ಎಲ್ಲರ ಭೂಮಿಯೂ ಅವನ ಹೆಸರಿನಲ್ಲಿ ದಾಖಲಾಗುವುದು. ನಮ್ಮಲ್ಲಿ ಬೇನಾಮಿ ಎನ್ನುತ್ತಾರಲ್ಲ, ಅದೇ. ಹೀಗೆ ಹೆಸರು ಕೊಟ್ಟವನು ನಾಳೆ ಧಣಿಯಾಗಿ ಕುಳಿತರೆ ಉಳಿದವರಿಗೆ ದಿಕ್ಕೇನು ಎಂಬುದನ್ನು ನಾವು ವಿವರಿಸಬೇಕಾಗಿಲ್ಲ.

ರೈತರ ಬೆನ್ನಹಿಂದೆ ಹಳೆಯ ಕಲ್ಲು ಮತ್ತೆ ನೆನಪಿಗೆ ಬಂದಿತು. 1885ರಲ್ಲಿಯೂ 1887ರಲ್ಲಿಯೂ ಎರಡು ಕಡೆಯವರು ಕೂಡಿ ಪರ್ವತವನ್ನು ಅಳೆದರು. ಕೊರಿಯದ ಪರವಾಗಿ ವಾದಿಸಿದವನು ಯಿ ಚುಂಗ್‌ಹಾ. ನದಿಯ ಮೂಲ ಯಾವುದೆಂಬ ವಿಷಯದಲ್ಲಿ ಒಪ್ಪಂದವಾಗಲಿಲ್ಲ. ಅದನ್ನು ತೀರಿಸಿದವರು ಮೂರನೆಯವರು. 1905ರಲ್ಲಿ ಕೊರಿಯದ ವಿದೇಶ ವ್ಯವಹಾರವನ್ನು ಕಸಿದುಕೊಂಡ ಜಪಾನು, 1907ರಲ್ಲಿ ಕೊರಿಯನರ ರಕ್ಷಣೆಯ ನೆಪದಿಂದ ಕಾಂಡೊವಿನ ಲುಂಗ್‌ಚಿಂಗ್ ಎಂಬ ಊರಿನಲ್ಲಿ ಕಚೇರಿಯನ್ನು ತೆರೆಯಿತು. 1909ನೆಯ ಸೆಪ್ಟೆಂಬರ್ 4ರಂದು ಅದೇ ಜಪಾನು ಟುಮೆನ್ ನದಿಯೇ ಗಡಿಯೆಂದು ಚೀನಕ್ಕೆ ಒಪ್ಪಿಕೊಟ್ಟಿತು. ಅದೇ ದಿನ ಮಂಚೂರಿಯದ ರೈಲುಮಾರ್ಗಗಳು, ಕಲ್ಲಿದ್ದಲ ಗಣಿಗಳು ಇವುಗಳಲ್ಲಿ ತನಗೆ ಬೇಕಾದುದನ್ನು ಪಡೆದುಕೊಂಡಿತು. ತರಗತಿಯಲ್ಲಿ ನಾವು ಇಂತಹ ಕೌಲುಗಳ ತಾರೀಖನ್ನು ಬಾಯಿಪಾಠ ಮಾಡಿಸುತ್ತೇವೆ. ಮಾತುಕತೆಯ ಮೇಜಿನ ಬಳಿ ಕೊರಿಯದವನು ಒಬ್ಬನೂ ಇರಲಿಲ್ಲವೆಂಬುದನ್ನು ಹೇಳಲು ಮರೆಯುತ್ತೇವೆ.

ಗಡಿಯ ಪ್ರಶ್ನೆ ಹೀಗೆ ಮುಗಿಯಿತು, ಮನುಷ್ಯನ ಪ್ರಶ್ನೆ ಮುಗಿಯಲಿಲ್ಲ. ಭೂಮಿ ಬೇಕಾದರೆ ನಮ್ಮ ಪ್ರಜೆಯಾಗು ಎಂದಿತು ಚೀನ. 1910ರಲ್ಲಿ ಕೊರಿಯವನ್ನು ನುಂಗಿದ ಜಪಾನು, ನೀನು ನಮ್ಮ ಪ್ರಜೆ, ಆ ಹಕ್ಕನ್ನು ಬಿಡಲು ನಿನಗೆ ಅಧಿಕಾರವಿಲ್ಲ ಎಂದಿತು. ಪ್ರಜೆ ಇರುವೆಡೆಗೆ ಪೋಲೀಸರೂ ಹೋಗಬಹುದಷ್ಟೆ! ಆದುದರಿಂದ ಚೀನದ ಅಧಿಕಾರಿಗೆ ಪ್ರತಿಯೊಬ್ಬ ಕೊರಿಯನನೂ ಜಪಾನಿನ ಮುಂಗಾಲಾಗಿ ಕಂಡನು. ಜಪಾನಿನ ಅಧಿಕಾರಿಗೆ ಅವನೇ ರಾಜದ್ರೋಹಿಯಾಗಿ ಕಂಡನು. 1920ರಲ್ಲಿ ಜಪಾನಿನ ಸೈನ್ಯವು ಕಾಂಡೊವಿಗೆ ನುಗ್ಗಿ ಹಳ್ಳಿಗಳನ್ನು ಸುಟ್ಟಿತು. 1925ರ ಒಪ್ಪಂದದಂತೆ ಚೀನದ ಪೋಲೀಸರೇ ಕೊರಿಯದ ಸ್ವಾತಂತ್ರ್ಯವೀರರನ್ನು ಹಿಡಿದು ಜಪಾನಿಗೆ ಒಪ್ಪಿಸತೊಡಗಿದರು. 1931ರ ಜುಲೈ ತಿಂಗಳಲ್ಲಿ ಚಾಂಗ್‌ಚುನ್ ಬಳಿಯ ವಾನ್‌ಪಾವೊಷಾನ್ ಎಂಬಲ್ಲಿ ಒಂದು ನೀರಾವರಿ ಕಾಲುವೆಗಾಗಿ ಚೀನೀ ರೈತರಿಗೂ ಕೊರಿಯದ ರೈತರಿಗೂ ಜಗಳವಾಯಿತು. ಅಲ್ಲಿ ಯಾರೂ ಸಾಯಲಿಲ್ಲ. ಸುದ್ದಿಯು ಉತ್ಪ್ರೇಕ್ಷೆಗೊಂಡು ಕೊರಿಯವನ್ನು ಮುಟ್ಟಿದಾಗ ಅಲ್ಲಿ ನೆಲಸಿದ್ದ ಚೀನೀಯರಲ್ಲಿ ನೂರಕ್ಕೂ ಹೆಚ್ಚು ಮಂದಿ ಕೊಲೆಯಾದರು. ಎರಡು ತಿಂಗಳಲ್ಲಿ ಜಪಾನು ಮಂಚೂರಿಯವನ್ನು ಆಕ್ರಮಿಸಲು ತೊಡಗಿತು.

ರಷ್ಯದ ಕಡೆಗೆ ಹೋದವರ ಗತಿ ಇನ್ನೂ ಕಠಿನವಾದುದು. 1937ರಲ್ಲಿ ಸ್ಟಾಲಿನನ ಸರಕಾರವು, ಜಪಾನಿನ ಗೂಢಚಾರರೆಂಬ ಸಂಶಯದಿಂದ, ಸುಮಾರು 1,70,000 ಕೊರಿಯನರನ್ನು ರೈಲುಬಂಡಿಗಳಲ್ಲಿ ತುಂಬಿ ಕಜಾಕಸ್ತಾನ ಉಜ್ಬೇಕಿಸ್ತಾನಗಳಿಗೆ ಸಾಗಿಸಿತು.

ಕಾಂಡೊವಿನಲ್ಲಿ ಉಳಿದವರಿಗೆ 1952ರಲ್ಲಿ ಯೆನ್‌ಪಿಯೆನ್ ಎಂಬ ಸ್ವಯಮಾಡಳಿತ ಪ್ರದೇಶವು ದೊರೆಯಿತು. ಚಳಿನಾಡಿನಲ್ಲಿ ಅವರು ಬೆಳೆಯಿಸಿ ತೋರಿಸಿದ ಬತ್ತದ ಗದ್ದೆಗಳು ಆ ವೇಳೆಗೆ ಮಂಚೂರಿಯದ ಬಹುಭಾಗಕ್ಕೆ ಹಬ್ಬಿದ್ದುವು. ಮುಕೆದೆಂಗನು ನೆಡಿಸಿದ ಕಲ್ಲು 1931ರಲ್ಲಿಯೇ ಕಾಣೆಯಾಗಿದ್ದಿತು. 1962ರಲ್ಲಿ ಚೀನವೂ ಉತ್ತರ ಕೊರಿಯವೂ ಗುಟ್ಟಾಗಿ ಒಂದು ಕೌಲನ್ನು ಮಾಡಿಕೊಂಡು ಪೆಕ್ಟು ಪರ್ವತದ ಶಿಖರದಲ್ಲಿರುವ ಸರೋವರವನ್ನು ಎರಡು ಪಾಲುಮಾಡಿಕೊಂಡುವು. ನದಿಗಳೊಳಗಿನ ನಡುಗಡ್ಡೆಗಳನ್ನೂ ಮರಳುದಿಣ್ಣೆಗಳನ್ನೂ ಪಟ್ಟಿಮಾಡಿ ಹಂಚಿಕೊಂಡುವು.