ಯಾರ ಭಾಷೆ, ಯಾರಿಗೆ ಪರೀಕ್ಷೆ?

ದೊಡ್ಡಬಳ್ಳಾಪುರವನ್ನು ಬಿಟ್ಟು ಗೌರಿಬಿದನೂರಿನ ಕಡೆಗೆ ಹೊರಟ ರೈಲು ಮಾಕಳಿದುರ್ಗದ ಬಳಿ ಬೆಟ್ಟಗಳನ್ನು ಬಳಸಿಕೊಂಡು ಸಾಗುತ್ತದೆ. ಮೇಲೆ ಪಾಳುಬಿದ್ದ ಕೋಟೆ. ಮಾರ್ಕಂಡೇಯ ಋಷಿಗಳು ತಪಸ್ಸು ಮಾಡಿದ ಸ್ಥಳವೆಂದು ಜನರ ನಂಬಿಕೆ. ಕೆಳಗೆ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಹಾಕಿದ ರೈಲುಹಾದಿ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಈ ಸೀಮೆಯವರಿಗೆ ಆಕಾಶದ ದಾರಿಯೂ ಹತ್ತಿರವಾಯಿತು. ಆದರೆ ಆ ದಾರಿಯಲ್ಲಿ ಓದಿಗೋ ಉದ್ಯೋಗಕ್ಕೋ ಹೊರಟವರು ಹಲವು ವೇಳೆ ಮೊದಲು ಇನ್ನೊಂದು ಬಾಗಿಲನ್ನು ದಾಟಬೇಕು. ಅದು ಇಂಗ್ಲಿಷ್ ಭಾಷೆಯ ಪ್ರೌಢಿಮೆಯ ಪರೀಕ್ಷೆ. ಹಳ್ಳಿಯ ಹುಡುಗನೋ ಹುಡುಗಿಯೋ ಅದರ ಸಿದ್ಧತೆಗೆಂದು ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವುದು ಈಗ ಯಾರಿಗೂ ಸೋಜಿಗವಲ್ಲ.

ಇದು ತೀರ ಹೊಸ ಕಾಲದ ಪೀಡೆಯೆಂದು ಹಿರಿಯರು ಭಾವಿಸುವುದುಂಟು. ಚರಿತ್ರೆಯನ್ನು ನೋಡಿದರೆ ಹಾಗಿಲ್ಲ. ನಮ್ಮ ನಾಡಿನಲ್ಲಿ ಹೊಟ್ಟೆಪಾಡಿಗೂ ಭಾಷಾಪರೀಕ್ಷೆಗೂ ಗಂಟುಬಿದ್ದು ಇನ್ನೂರು ವರ್ಷಗಳಿಗೆ ಮೇಲಾಯಿತು. ಹೆಚ್ಚಿನ ವಿನೋದವೆಂದರೆ, ಮೊದಮೊದಲು ಪರೀಕ್ಷೆಗೆ ಕುಳಿತವರು ನಾವಲ್ಲ, ಇಂಗ್ಲಿಷರು. ಅವರು ಕುಳಿತ ಪರೀಕ್ಷೆಗಳಲ್ಲಿ ಕನ್ನಡದ್ದೂ ಒಂದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಕೆನರಾ ಸೀಮೆಯೂ, ಮರುವರ್ಷ ಬಳ್ಳಾರಿಯ ಸೀಮೆಯೂ ಕಂಪನಿಯ ಕೈಗೆ ಬಂದವು. ಕಂದಾಯ ಎತ್ತಬೇಕು, ನ್ಯಾಯ ತೀರ್ಮಾನಿಸಬೇಕು. ಆದರೆ ರೈತನ ಮಾತು ದೊರೆಗೆ ತಿಳಿಯದು. ನಡುವೆ ನಿಂತ ದುಭಾಷಿ ಹೇಳಿದ್ದೇ ವೇದವಾಕ್ಯ. ಈ ತೊಡಕನ್ನು ಬಿಡಿಸುವುದಕ್ಕಾಗಿ 1812ರಲ್ಲಿ ಮದರಾಸಿನಲ್ಲಿ ಸೇಂಟ್ ಜಾರ್ಜ್ ಕೋಟೆಯ ಕಾಲೇಜು ಸ್ಥಾಪಿತವಾಯಿತು. ಅದರ ಹಿಂದಿದ್ದ ಮುಖ್ಯ ವ್ಯಕ್ತಿ ಫ್ರಾನ್ಸಿಸ್ ವೈಟ್ ಎಲ್ಲಿಸ್, ದಕ್ಷಿಣದ ಭಾಷೆಗಳೆಲ್ಲ ಒಂದೇ ಬಳಗದವೆಂದು 1816ರಷ್ಟು ಹಿಂದೆಯೇ ತೋರಿಸಿಕೊಟ್ಟ ವಿದ್ವಾಂಸ. ವಿಲಾಯಿತಿಯಿಂದ ಬಂದಿಳಿದ ಎಳೆಯ ಸಿವಿಲ್ ನೌಕರರು ಇಲ್ಲಿ ತಮಿಳು, ತೆಲುಗು, ಕನ್ನಡ ಮೊದಲಾದ ದೇಶಭಾಷೆಗಳನ್ನು ಕಲಿತು, ಪರೀಕ್ಷಕ ಮಂಡಲಿಯ ಮುಂದೆ ತೇರ್ಗಡೆಯಾಗಬೇಕಾಗಿತ್ತು.

ಈ ಪರೀಕ್ಷೆಯಿಂದ ಕನ್ನಡಕ್ಕೂ ಒಂದಿಷ್ಟು ಲಾಭವಾಯಿತು. ಕಲಿಯುವವನಿಗೆ ವ್ಯಾಕರಣ ಬೇಕು, ನಿಘಂಟು ಬೇಕು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿಯೂ, ಜಾನ್ ಮೆಕೆರೆಲನದು 1820ರಲ್ಲಿ ಮದರಾಸಿನಲ್ಲಿಯೂ ಅಚ್ಚಾದವು. ಬಳ್ಳಾರಿಯ ಮಿಷನರಿ ವಿಲಿಯಂ ರೀವ್ ಸಿದ್ಧಪಡಿಸಿದ ಇಂಗ್ಲಿಷ್–ಕನ್ನಡ ಕೋಶ 1824ರಲ್ಲಿಯೂ ಕನ್ನಡ–ಇಂಗ್ಲಿಷ್ ಕೋಶ 1832ರಲ್ಲಿಯೂ ಹೊರಬಂದವು. ಇವೆಲ್ಲಕ್ಕಿಂತ ನಮಗೆ ಆಪ್ತವಾದುದು 1838ರ ‘ಹೊಸಗನ್ನಡ ನುಡಿಗನ್ನಡಿ’. ಇದನ್ನು ಬರೆದ ಶ್ರೀರಂಗಪಟ್ಟಣದ ಕೃಷ್ಣಮಾಚಾರ್ಯರು ಆ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು. ಹಳಗನ್ನಡಕ್ಕೆ ಕೇಶಿರಾಜನಿದ್ದ, ಬಳಕೆಯ ಕನ್ನಡಕ್ಕೆ ಕನ್ನಡದಲ್ಲಿಯೇ ಲಕ್ಷಣ ಹೇಳುವ ಕೆಲಸಕ್ಕೆ ಪರದೇಶದ ಪರೀಕ್ಷಾರ್ಥಿಗಳ ಅಗತ್ಯವೂ ಒಂದು ನೆವವಾಯಿತು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಆ ದೊರೆಮಕ್ಕಳು ಕನ್ನಡ ಕಲಿತದ್ದು ಯಾರ ಖರ್ಚಿನಲ್ಲಿ? ಕಲಿಯುತ್ತಿರುವಾಗಲೇ ಅವರಿಗೆ ಸಂಬಳವಿತ್ತು. ಪಾಠ ಹೇಳುವ ಮುನ್ಷಿಯನ್ನು ಸರ್ಕಾರ ಒದಗಿಸುತ್ತಿತ್ತು. ಭಾಷೆಯಲ್ಲಿ ಮುಂದುವರಿದಂತೆ ಭತ್ಯವೂ ಏರುತ್ತಿತ್ತು. ವಿಶೇಷ ಪ್ರೌಢಿಮೆ ತೋರಿದವರಿಗೆ ವರಹಗಳ ಬಹುಮಾನವೂ ಇತ್ತು. ಆಳುವವನು ಆಳಿಸಿಕೊಳ್ಳುವವನ ಭಾಷೆಯನ್ನು ಕಲಿಯಬೇಕಾದಾಗ ಬೊಕ್ಕಸವೇ ಬಾಗಿಲು ತೆರೆಯಿತು.

ಗಾಳಿ ತಿರುಗುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. 1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷ್ ಕಮಿಷನರರ ವಶವಾಯಿತು. ಎರಡು ವರ್ಷಗಳಲ್ಲಿ, 1833ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಇಂಗ್ಲಿಷ್ ಕಲಿಸುವ ಧರ್ಮಶಾಲೆಯೊಂದನ್ನು ತೆರೆದರು. ಮುಂದೆ ಮಹಾರಾಜಾ ಕಾಲೇಜಾಗಿ ಬೆಳೆದದ್ದು ಅದೇ. 1834ರಲ್ಲಿ ಮೆಕಾಲೆ ಮದರಾಸಿನಲ್ಲಿ ಇಳಿದು ಬೆಂಗಳೂರು, ಶ್ರೀರಂಗಪಟ್ಟಣ, ಮೈಸೂರುಗಳ ಮೇಲೆ ಹಾದು ಉದಕಮಂಡಲಕ್ಕೆ ಹೋದನು. ಮರುವರ್ಷವೇ ಅವನ ಹೆಸರಾಂತ ಟಿಪ್ಪಣಿ ಹೊರಟಿತು. ಎಲ್ಲರೂ ಮೆಕಾಲೆಯನ್ನು ದೂರುತ್ತಾರೆ. ಆದರೆ ಸಾಮಾನ್ಯ ಸಂಸಾರಗಳನ್ನು ಇಂಗ್ಲಿಷಿನತ್ತ ಸೆಳೆದ ಕಾಗದ 1835ರದಕ್ಕಿಂತ 1844ರದು. ಆ ವರ್ಷ ಗವರ್ನರ್ ಜನರಲ್ ಹಾರ್ಡಿಂಜ್, ಸರ್ಕಾರಿ ನೌಕರಿಯಲ್ಲಿ ಇಂಗ್ಲಿಷ್ ಶಿಕ್ಷಣ ಪಡೆದವರಿಗೆ ಪ್ರಾಶಸ್ತ್ಯ ಕೊಡಬೇಕೆಂದು ನಿರ್ಣಯ ಹೊರಡಿಸಿದನು. ಟಿಪ್ಪಣಿಯಿಂದ ಯಾರ ಮನೆಯಲ್ಲೂ ಒಲೆ ಉರಿಯುವುದಿಲ್ಲ, ನೌಕರಿಯಿಂದ ಉರಿಯುತ್ತದೆ.

1857ರಲ್ಲಿ ಮದರಾಸು ವಿಶ್ವವಿದ್ಯಾನಿಲಯವೂ ಮೈಸೂರು ಸೀಮೆಯ ವಿದ್ಯಾ ಇಲಾಖೆಯೂ ಹುಟ್ಟಿದವು. 1858ರಲ್ಲಿ ಬೆಂಗಳೂರಿನಲ್ಲಿ ಹೈಸ್ಕೂಲು ಪ್ರಾರಂಭವಾಗಿ 1875ರಲ್ಲಿ ಸೆಂಟ್ರಲ್ ಕಾಲೇಜೆಂಬ ಹೆಸರು ಪಡೆಯಿತು. 1868ರಲ್ಲಿ ಬಿ. ಎಲ್. ರೈಸ್ ಅವರ ಯೋಜನೆಯಂತೆ ಹೋಬಳಿ ಶಾಲೆಗಳು ಬಂದವು. ಅಲ್ಲಿ ಕನ್ನಡದ ಓದು, ಬರಹ, ಲೆಕ್ಕ. ಹೀಗೆ ಎರಡು ಹಾದಿಗಳು ಕವಲೊಡೆದವು. ಹೋಬಳಿಯ ಹಾದಿ ಹಳ್ಳಿಯಲ್ಲೇ ನಿಂತಿತು. ಇಂಗ್ಲಿಷಿನ ಹಾದಿ ಮೆಟ್ರಿಕ್ಯುಲೇಷನ್ನಿನ ಹೆಬ್ಬಾಗಿಲಿಗೆ, ಅಲ್ಲಿಂದ ಕಚೇರಿಗೆ ಹೋಯಿತು. 1916ರಲ್ಲಿ ನಮ್ಮದೇ ವಿಶ್ವವಿದ್ಯಾನಿಲಯ ಏಳುವವರೆಗೆ ಮೈಸೂರಿನ ಹುಡುಗರು ಮದರಾಸಿನ ಪರೀಕ್ಷೆಗೇ ಕಟ್ಟಬೇಕಾಗಿತ್ತು.

ಆ ಕಾಲದ ಸಿದ್ಧತೆಯ ಬಗೆ ಹಿರಿಯರ ಬಾಯಲ್ಲಿ ಬಹುಕಾಲ ಕಥೆಯಾಗಿ ಉಳಿದಿತ್ತು. ರೀಡರಿನ ಪಾಠವನ್ನು ಬಾಯಿಪಾಠ ಮಾಡುವುದು, ವಾಕ್ಯವನ್ನು ಪದಪದವಾಗಿ ಬಿಡಿಸಿ ವ್ಯಾಕರಣ ಹೇಳುವುದು, ಉಕ್ತಲೇಖನ, ಕನ್ನಡದಿಂದ ಇಂಗ್ಲಿಷಿಗೆ, ಇಂಗ್ಲಿಷಿನಿಂದ ಕನ್ನಡಕ್ಕೆ ಭಾಷಾಂತರ. ಮೊದಲು ನೆಸ್‌ಫೀಲ್ಡನ ವ್ಯಾಕರಣ, 1930ರ ದಶಕದ ನಂತರ ರೆನ್ ಮತ್ತು ಮಾರ್ಟಿನ್. ಕಲಿಸುವ ಮೇಷ್ಟರಿಗೆ ಬೆತ್ತವೂ ಒಂದು ವ್ಯಾಕರಣ ಗ್ರಂಥವೇ ಆಗಿತ್ತು.

ಖರ್ಚಿನ ಮಾತೋ? ದೊರೆಯ ಮಗನಿಗೆ ಮುನ್ಷಿಯನ್ನು ಕೊಟ್ಟ ಸರ್ಕಾರ ರೈತನ ಮಗನಿಗೆ ಅದೇ ಔದಾರ್ಯ ತೋರಲಿಲ್ಲ. ಶಾಲೆಗಳನ್ನು ತೆರೆಯಿತು, ನಿಜ. ಆದರೆ ಪೇಟೆಗೆ ಬಂದು ಓದುವವನ ಊಟ, ವಸತಿ, ಪುಸ್ತಕ, ಫೀಜು ಎಲ್ಲವೂ ಅವನ ತಲೆಯ ಮೇಲೆಯೇ. ಮಾಕಳಿದುರ್ಗಕ್ಕೆ ದೂರವಲ್ಲದ, ನಂದಿಬೆಟ್ಟದ ತಪ್ಪಲಿನ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದಾಗ ಮನೆಪಾಠ ಹೇಳಿ ಜೀವನ ಸಾಗಿಸಿದರು, 1881ರಲ್ಲಿ ಬಿ.ಎ. ಮುಗಿಸಿದರು. ಎಷ್ಟೋ ಬಡ ಬ್ರಾಹ್ಮಣ ಹುಡುಗರು ವಾರಾನ್ನದಲ್ಲಿ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಆ ಎಲೆಯೂ ಹಾಕಿಸಿಕೊಳ್ಳಲಾಗದ ಜಾತಿಗಳ ಮಕ್ಕಳ ಪಾಡೇನು? ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಸಮುದಾಯಗಳು ವಿದ್ಯಾರ್ಥಿನಿಲಯಗಳನ್ನು ಕಟ್ಟಲು ಹೊರಟದ್ದು ಈ ಹಸಿವಿನಿಂದ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ನೇಮಿಸಿದ ಮಿಲ್ಲರ್ ಸಮಿತಿಯ ಮುಂದಿದ್ದ ಪ್ರಶ್ನೆಯ ಬೇರೂ ಇಲ್ಲಿಯೇ ಇತ್ತು. ಸರ್ಕಾರಿ ನೌಕರಿ ಒಂದೇ ವರ್ಗದ ಕೈಯಲ್ಲಿ ಏಕೆ ಸೇರಿತು? ಬುದ್ಧಿ ಒಂದು ಕೇರಿಯಲ್ಲಿ ಮಾತ್ರ ಹುಟ್ಟಿತೆಂದಲ್ಲ. ಇಂಗ್ಲಿಷಿಗೆ ಸಿದ್ಧವಾಗುವ ಅನುಕೂಲ ಕೆಲವೇ ಕೇರಿಗಳಲ್ಲಿತ್ತು.

ಪರೀಕ್ಷೆಯೇ ವಿದ್ಯೆಯ ಅಳತೆಗೋಲೆನ್ನುವವರಿಗೆ ಡಿ.ವಿ.ಜಿ. ಅವರ ಉದಾಹರಣೆ ಸಾಕು. ಮೆಟ್ರಿಕ್ಯುಲೇಷನ್ನಿನಲ್ಲಿ ತೇರ್ಗಡೆಯಾಗದ ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ವೆಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿ ನಡೆಸಿದರು. ಹಾಗೆಂದು ಪರೀಕ್ಷೆಗಳಲ್ಲಿ ಗೆದ್ದವರೆಲ್ಲ ಉರುಹೊಡೆದವರೇ ಎಂದೂ ಅಲ್ಲ. ಮಾಸ್ತಿಯವರು ಇಂಗ್ಲಿಷಿನಲ್ಲಿ ಎಂ.ಎ. ಮಾಡಿ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ಗೆದ್ದು ಅಧಿಕಾರಿಗಳಾದರು, ಬಿ. ಎಂ. ಶ್ರೀಕಂಠಯ್ಯನವರು ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಈ ಮೂವರಿಗೂ ಸಮಾನವಾದ ಅಂಶವೊಂದಿದೆ. ಇಂಗ್ಲಿಷ್ ಅವರಿಗೆ ಕನ್ನಡವನ್ನು ಬಿಟ್ಟು ಏರಿದ ಮೆಟ್ಟಿಲಾಗಿರಲಿಲ್ಲ. ಎರಡು ಭಾಷೆಗಳ ನಡುವೆ ಅವರ ಮನಸ್ಸು ದಿನವೂ ಓಡಾಡುತ್ತಿತ್ತು. ಆ ಹಳೆಯ ಭಾಷಾಂತರದ ಅಭ್ಯಾಸ, ಎಷ್ಟೇ ಒಣಗಿದ್ದರೂ, ಇದೊಂದು ಉಪಕಾರವನ್ನು ಮಾಡಿತು: ಒಂದು ಮಾತಿನ ಅರ್ಥ ತನಗೆ ನಿಜವಾಗಿ ತಿಳಿದಿದೆಯೇ ಇಲ್ಲವೇ ಎಂಬುದನ್ನು ಹುಡುಗ ತನ್ನ ಮನೆಮಾತಿನಲ್ಲಿ ಒರೆಹಚ್ಚಿ ನೋಡಿಕೊಳ್ಳುತ್ತಿದ್ದ.

ಇನ್ನು ಇಂದಿನ ಪರೀಕ್ಷೆ. ಅಮೆರಿಕದ ಟೋಫೆಲ್ 1964ರಲ್ಲಿ ಮೊದಲಾಯಿತು; ಬ್ರಿಟನ್ ಮತ್ತು ಆಸ್ಟ್ರೇಲಿಯಾದ ಸಂಸ್ಥೆಗಳು ಕೂಡಿ ನಡೆಸುವ ಐಇಎಲ್‌ಟಿಎಸ್ 1989ರಲ್ಲಿ. ಎರಡನೆಯದರಲ್ಲಿ ಆಲಿಸುವುದು, ಓದುವುದು, ಬರೆಯುವುದು, ಮಾತನಾಡುವುದು ಎಂಬ ನಾಲ್ಕು ಅಂಗಗಳು. ಓದಿಗೆ ಒಂದು ಗಂಟೆ, ಬರಹಕ್ಕೆ ಒಂದು ಗಂಟೆ, ಆಲಿಸುವುದಕ್ಕೆ ಸುಮಾರು ಅರ್ಧ ಗಂಟೆ. ಪರೀಕ್ಷಕರೊಡನೆ ಮಾತು 11ರಿಂದ 14 ನಿಮಿಷ. ಇಲ್ಲಿ ತೇರ್ಗಡೆ, ನಪಾಸು ಎಂಬುದಿಲ್ಲ. 9ರವರೆಗಿನ ಶ್ರೇಣಿಯಲ್ಲಿ ಅಂಕ. ಎಷ್ಟು ಅಂಕ ಸಾಲುತ್ತದೆಂಬುದನ್ನು ಕರೆಯುವ ವಿಶ್ವವಿದ್ಯಾನಿಲಯವೋ ದೇಶವೋ ಗೊತ್ತುಮಾಡುತ್ತದೆ. ಒಮ್ಮೆ ಪಡೆದ ಅಂಕ ಸಾಮಾನ್ಯವಾಗಿ ಎರಡು ವರ್ಷ ಮಾತ್ರ ಊರ್ಜಿತ. ಶುಲ್ಕ 15,000 ರೂಪಾಯಿಗೂ ಹೆಚ್ಚು. ತರಬೇತಿಯ ಖರ್ಚು ಬೇರೆ.

ನಮ್ಮ ಅಜ್ಜಂದಿರ ಪರೀಕ್ಷೆಗೂ ಇದಕ್ಕೂ ಒಂದು ದೊಡ್ಡ ಅಂತರವಿದೆ. ಅಂದು ಗೊತ್ತಾದ ಪುಸ್ತಕವಿತ್ತು; ಅದನ್ನು ನುಂಗಿದರೆ ದಡ ಸೇರಬಹುದಿತ್ತು. ಇಂದು ಪಠ್ಯವೇ ಇಲ್ಲ. ನಿಮ್ಮ ಊರಿನಲ್ಲಿ ಏನು ಬದಲಾವಣೆಯಾಗಿದೆ, ನೀವು ಮೆಚ್ಚಿದ ಹಿರಿಯರು ಯಾರು, ನಗರ ಬೆಳೆಯುವುದು ಒಳ್ಳೆಯದೇ ಕೆಟ್ಟದ್ದೇ — ಇಂಥ ಪ್ರಶ್ನೆಗಳು. ಬಾಯಿಪಾಠದ ಉತ್ತರವನ್ನು ನುರಿತ ಪರೀಕ್ಷಕ ಬೇಗ ಗುರುತಿಸುತ್ತಾನೆ. ಆದ್ದರಿಂದ, “ಆರು ತಿಂಗಳು ಕನ್ನಡವನ್ನೇ ಆಡಬೇಡ” ಎಂದು ಮಕ್ಕಳಿಗೆ ಕೊಡುವ ಉಪದೇಶ ಬುಡಕ್ಕೇ ಕೊಡಲಿ ಹಾಕುತ್ತದೆ. ಇಂಗ್ಲಿಷನ್ನು ದಿನವೂ ಕೇಳಬೇಕು, ಓದಬೇಕು, ಆಡಬೇಕು, ಅದರಲ್ಲಿ ರಿಯಾಯಿತಿಯಿಲ್ಲ. ಆದರೆ ಹೇಳುವುದಕ್ಕೆ ಏನಾದರೂ ಇರಬೇಕಲ್ಲ! ಮಾಕಳಿದುರ್ಗದ ಹುಡುಗಿಗೆ ತನ್ನ ಊರಿನ ಕೆರೆ ಏಕೆ ಬತ್ತಿತು, ರೇಷ್ಮೆಯ ಮಗ್ಗಗಳಿಗೆ ಏನಾಯಿತು ಎಂಬುದನ್ನು ಕನ್ನಡದಲ್ಲಿ ಕ್ರಮವಾಗಿ ವಾದಿಸಿ ಹೇಳಲು ಬಂದರೆ, ಅದನ್ನು ಇಂಗ್ಲಿಷಿಗೆ ತಿರುಗಿಸುವುದು ಅಭ್ಯಾಸದ ಮಾತು. ಕನ್ನಡದಲ್ಲಿಯೇ ವಿಚಾರದ ಎಳೆ ಹಿಡಿಯಲಾರದವನಿಗೆ ಯಾವ ತರಬೇತಿಯೂ ಹೆಚ್ಚು ದೂರ ಒದಗುವುದಿಲ್ಲ. ಕನ್ನಡ ಮೇಷ್ಟರ ಸ್ವಜನಪಕ್ಷಪಾತವೆಂದು ಇದನ್ನು ತಳ್ಳಿಹಾಕಬಾರದು. ಎರಡು ಶತಮಾನಗಳ ಅನುಭವ ಹೇಳುವ ಮಾತೂ ಇದೇ.

ಕಡೆಯದಾಗಿ ಮತ್ತೆ ಖರ್ಚಿನ ಪ್ರಶ್ನೆ. ಸೇಂಟ್ ಜಾರ್ಜ್ ಕೋಟೆಯ ಆ ಪದ್ಧತಿ ಪೂರ್ತಿ ಸತ್ತಿಲ್ಲ. ಬೇರೆ ಪ್ರಾಂತಗಳಿಂದ ಕರ್ನಾಟಕಕ್ಕೆ ನೇಮಕವಾದ ಐ.ಎ.ಎಸ್. ಅಧಿಕಾರಿಗಳು ಇಂದಿಗೂ ಕನ್ನಡ ಕಲಿಯುತ್ತಾರೆ. ಸಂಬಳ ಪಡೆಯುತ್ತಲೇ, ಸರ್ಕಾರದ ವೆಚ್ಚದಲ್ಲಿ. ಅದು ತಪ್ಪಲ್ಲ, ಆಗಲೇಬೇಕಾದ ಕೆಲಸ. ಭಾಷೆ ಕಲಿಯುವುದಕ್ಕೆ ಸಮಯವೂ ಗುರುವೂ ಹಣವೂ ಬೇಕೆಂಬ ಸತ್ಯ ಸರ್ಕಾರಕ್ಕೆ 1812ರಿಂದಲೂ ತಿಳಿದಿದೆ ಎಂದಾಯಿತು. ಆ ತಿಳಿವು ಹಳ್ಳಿಯ ಮಕ್ಕಳವರೆಗೆ ಇಳಿಯಬೇಕು. 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಇಟ್ಟರು. ಇಂಗ್ಲಿಷ್ ಮೇಷ್ಟರುಗಳನ್ನು ಪಳಗಿಸಲೆಂದು 1963ರಲ್ಲಿ ಹುಟ್ಟಿದ ಪ್ರಾದೇಶಿಕ ಸಂಸ್ಥೆ ಬೆಂಗಳೂರಿನಲ್ಲಿಯೇ ಇದೆ. ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಸಂಜೆಯ ಎರಡು ಗಂಟೆ ಕೊಠಡಿಯೊಂದನ್ನು ತೆರೆದು, ಒಳ್ಳೆಯ ಕನ್ನಡವನ್ನೂ ಒಳ್ಳೆಯ ಇಂಗ್ಲಿಷನ್ನೂ ಬಲ್ಲ ಒಬ್ಬರನ್ನು ಅಲ್ಲಿ ಕೂರಿಸುವುದು ಅಸಾಧ್ಯವಾದ ಭಗೀರಥ ಪ್ರಯತ್ನವೇನಲ್ಲ.

ಯಾರ ಭಾಷೆಯಲ್ಲಿ ಪರೀಕ್ಷೆ ನಡೆಯಬೇಕೆಂಬುದನ್ನು ಅಧಿಕಾರವೂ ಹಣವೂ ತೀರ್ಮಾನಿಸುತ್ತವೆ. ಅದು ಒಂದು ತಾಲ್ಲೂಕಿನ ಕೈಯಲ್ಲಿಲ್ಲ. ಆದರೆ ಪರೀಕ್ಷೆಯ ಬಾಗಿಲಿಗೆ ಯಾರು ಯಾರು ಹೋಗಿ ನಿಲ್ಲಬಲ್ಲರು ಎಂಬುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ. ವಾರಾನ್ನದ ಕಾಲ ಮುಗಿಯಿತೆಂದು ನಾವು ಹೆಮ್ಮೆಪಡುತ್ತೇವೆ. ಸಾಲ ಮಾಡಿ ಮಗಳ ಪರೀಕ್ಷೆಗೆ ಹಣ ಕಟ್ಟುವ ನೇಕಾರನ ಮನೆಯಲ್ಲಿ ಆ ಕಾಲ ಇನ್ನೂ ಮುಗಿದಿಲ್ಲ.