ಹಡಗಿನ ಅಡುಗೆಮನೆಯಲ್ಲಿ ಸಸ್ಯಾಹಾರದ ಪಾಲು

1888ರ ಸೆಪ್ಟೆಂಬರ್ 4ರಂದು ಮುಂಬೈ ಬಂದರಿನಿಂದ ಇಂಗ್ಲೆಂಡಿಗೆ ಹೊರಟ 'ಕ್ಲೈಡ್' ಎಂಬ ಹಡಗಿನಲ್ಲಿ ಕಾಠಿಯಾವಾಡದ ಯುವಕನೊಬ್ಬನಿದ್ದ. ಹತ್ತೊಂಬತ್ತು ವರ್ಷ ತುಂಬಲು ಅವನಿಗೆ ಇನ್ನೂ ಒಂದು ತಿಂಗಳಿತ್ತು. ಊಟದ ಹೊತ್ತಿಗೆ ಉಳಿದ ಪ್ರಯಾಣಿಕರು ಭೋಜನಶಾಲೆಯ ಕಡೆಗೆ ನಡೆದರೆ, ಈತ ತನ್ನ ಕೋಣೆಯಲ್ಲೇ ಕುಳಿತು ಊರಿನಿಂದ ಕಟ್ಟಿಕೊಂಡು ಬಂದ ಸಿಹಿತಿಂಡಿ, ಹಣ್ಣುಗಳನ್ನು ತಿನ್ನುತ್ತಿದ್ದ. ಮಾಂಸ, ಮದ್ಯ ಮುಟ್ಟುವುದಿಲ್ಲವೆಂದು ತಾಯಿಯ ಎದುರು ಆಣೆ ಮಾಡಿ ಬಂದಿದ್ದ. ಮೇಜಿನ ಮೇಲಿನ ಯಾವ ಪದಾರ್ಥದಲ್ಲಿ ಮಾಂಸವಿಲ್ಲ ಎಂದು ಬಡಿಸುವವರನ್ನು ಕೇಳುವ ಧೈರ್ಯ ಅವನಿಗಿರಲಿಲ್ಲ. ಚಾಕು, ಮುಳ್ಳುಚಮಚ ಹಿಡಿಯುವುದೂ ತಿಳಿಯದು. ಆ ಯುವಕನ ಹೆಸರು ಮೋಹನದಾಸ ಕರಮಚಂದ ಗಾಂಧಿ.

ಮಾಂಸ ತಿನ್ನದೆ ಮುಂದೆ ಬದುಕುವುದು ಕಷ್ಟವೆಂದು ಆಂಗ್ಲ ಸಹಪ್ರಯಾಣಿಕನೊಬ್ಬ ಗಾಂಧಿಗೆ ಪ್ರೀತಿಯಿಂದಲೇ ಬುದ್ಧಿ ಹೇಳಿದ. ಬಿಸ್ಕೆ ಕೊಲ್ಲಿ ತಲುಪಿದ ಮೇಲೆ ನಿನ್ನ ನಿರ್ಧಾರ ಬದಲಾಗುತ್ತದೆ ಎಂದ. ಬಿಸ್ಕೆ ಕೊಲ್ಲಿ ಬಂತು, ಹೋಯಿತು, ಗಾಂಧಿಯ ನಿರ್ಧಾರ ಬದಲಾಗಲಿಲ್ಲ. ಮಾಂಸ ತಿಂದಿಲ್ಲವೆಂಬುದಕ್ಕೆ ಅವರು ಆತನಿಂದ ಒಂದು ಪ್ರಮಾಣಪತ್ರವನ್ನೂ ಬರೆಸಿಕೊಂಡರು. ಮಾಂಸ ತಿಂದವರಿಗೂ ಇಂಥ ಪತ್ರ ಸಿಗುತ್ತದೆಂದು ತಿಳಿದ ಮೇಲೆ ಅದರ ಮೇಲಿನ ಮೋಹ ಹೋಯಿತು ಎಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಇಂದಿನ ವಿಹಾರ ಹಡಗುಗಳಲ್ಲಿ ಶಾಕಾಹಾರ, ಮಾಂಸಾಹಾರ, ಹಾಲು ತುಪ್ಪವೂ ಇಲ್ಲದ ವೀಗನ್ ಆಹಾರ ಎಲ್ಲವೂ ಒಂದೇ ಸೂರಿನಡಿ ಸಿಗುತ್ತವೆ. ಆ ಏರ್ಪಾಟಿನ ಹಿಂದೆ ಒಂದೂವರೆ ಶತಮಾನದ ಕಥೆಯಿದೆ. ಅಡುಗೆ ಮಾಡುವವರ ಕೈಚಳಕ ಅದರ ಒಂದು ಭಾಗ ಮಾತ್ರ. ತನಗೆ ಬೇಕಾದ ಊಟವನ್ನು ಕೇಳುವ ಹಕ್ಕು ಯಾರಿಗಿತ್ತು, ಯಾರಿಗಿರಲಿಲ್ಲ ಎಂಬುದು ಅದರ ತಿರುಳು.

ಕಡಲು ದಾಟುವ ಪಾಪ

ಸಮುದ್ರಯಾನ ಮಾಡಿದವನು ಜಾತಿಭ್ರಷ್ಟನಾಗುತ್ತಾನೆ ಎಂಬ ನಂಬಿಕೆ ಹಳೆಯದು. ಬೌಧಾಯನ ಧರ್ಮಸೂತ್ರ ಪತನಕ್ಕೆ ಕಾರಣವಾಗುವ ಕರ್ಮಗಳ ಪಟ್ಟಿಯಲ್ಲಿ ಸಮುದ್ರಯಾನವನ್ನು ಸೇರಿಸಿದೆ. ಅದೇ ಗ್ರಂಥ, ಉತ್ತರದವರಲ್ಲಿ ಇದು ರೂಢಿಯಲ್ಲಿದೆ ಎಂದೂ ಒಪ್ಪಿಕೊಳ್ಳುತ್ತದೆ. ಶಾಸ್ತ್ರ ಏನೇ ಹೇಳಲಿ, ವ್ಯವಹಾರದಲ್ಲಿ ಈ ಭಯ ಬಹುಮಟ್ಟಿಗೆ ಅಡುಗೆಮನೆಯದೇ ಆಗಿತ್ತು. ನೀರು ಯಾರು ತಂದರು, ಅನ್ನ ಯಾರು ಬೇಯಿಸಿದರು, ಪಾತ್ರೆಯಲ್ಲಿ ಹಿಂದಿನ ದಿನ ಏನು ಬೆಂದಿತ್ತು ಎಂಬುದಕ್ಕೆ ಹಡಗಿನಲ್ಲಿ ಉತ್ತರವಿರಲಿಲ್ಲ. ಗಾಂಧಿಯವರ ಮೋಢ ಬನಿಯ ಜಾತಿಯ ಮುಖಂಡರು ಎತ್ತಿದ ಆಕ್ಷೇಪವೂ ಇದೇ. ವಿಲಾಯತಿಯಲ್ಲಿ ಧರ್ಮ ಉಳಿಯದು, ಅಲ್ಲಿ ಐರೋಪ್ಯರೊಡನೆ ತಿನ್ನಬೇಕು, ಕುಡಿಯಬೇಕು ಎಂದರು. ಮಾತು ಕೇಳದ ಗಾಂಧಿಯನ್ನು ಬಹಿಷ್ಕರಿಸಿ, ಅವರನ್ನು ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದು ಸಾರಿದರು.

ಹಣವುಳ್ಳವರು ಈ ಸಮಸ್ಯೆಗೆ ತಮ್ಮದೇ ಪರಿಹಾರ ಕಂಡುಕೊಂಡಿದ್ದರು. ಅಡುಗೆಮನೆಯನ್ನೇ ಜೊತೆಯಲ್ಲಿ ಒಯ್ಯುವುದು! 1830ರಲ್ಲಿ 'ಆಲ್ಬಿಯನ್' ಹಡಗು ಹತ್ತಿದ ರಾಜಾ ರಾಮಮೋಹನ ರಾಯರು ಅಡುಗೆಯವನನ್ನು ಕರೆದೊಯ್ದಿದ್ದರು. 1902ರಲ್ಲಿ ಏಳನೆಯ ಎಡ್ವರ್ಡ್ ದೊರೆಯ ಪಟ್ಟಾಭಿಷೇಕಕ್ಕೆ ಹೊರಟ ಜೈಪುರದ ಮಹಾರಾಜ ಎರಡನೆಯ ಮಾಧೋಸಿಂಗ್ 'ಒಲಿಂಪಿಯಾ' ಎಂಬ ಹಡಗನ್ನೇ ಬಾಡಿಗೆಗೆ ಪಡೆದರು. ಗಂಗಾಜಲವನ್ನು ಬೃಹತ್ ಬೆಳ್ಳಿಯ ಕೊಳಗಗಳಲ್ಲಿ ತುಂಬಿಸಿಕೊಂಡು ಹೋದರು. ಸುಮಾರು 345 ಕಿಲೋ ತೂಗುವ ಅಂಥ ಎರಡು ಕೊಳಗಗಳನ್ನು ಜೈಪುರದ ಅರಮನೆಯಲ್ಲಿ ಇಂದಿಗೂ ನೋಡಬಹುದು. ಮಹಾರಾಜರು ಹಡಗಿನವರನ್ನು ಏನನ್ನೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಹಡಗೇ ಅವರದಾಗಿತ್ತು. ಟಿಕೆಟು ಕೊಂಡು ಹತ್ತಿದ ವಿದ್ಯಾರ್ಥಿಗೆ ಆ ದಾರಿ ಇರಲಿಲ್ಲ.

ಸೊಪ್ಪಿಗಿಂತ ಮಾಂಸ ಸುಲಭ

ಆ ಕಾಲದ ಹಡಗಿನ ಊಟ ಮಾಂಸಮಯವಾಗಿದ್ದುದಕ್ಕೆ ಐರೋಪ್ಯರ ರುಚಿಯೊಂದೇ ಕಾರಣವಲ್ಲ. ಹಾಯಿ ಹಡಗುಗಳ ಕಾಲದಿಂದಲೂ ನಾವಿಕರ ಆಹಾರವೆಂದರೆ ಉಪ್ಪು ಹಾಕಿದ ಮಾಂಸ ಮತ್ತು ಕಲ್ಲಿನಂಥ ಬಿಸ್ಕತ್ತು. ಮೇಲಿನ ದರ್ಜೆಯ ಪ್ರಯಾಣಿಕರಿಗಾಗಿ ಕುರಿ, ಕೋಳಿ, ಹಂದಿಗಳನ್ನು ಜೀವಸಹಿತ ಒಯ್ಯುತ್ತಿದ್ದರು. ಮಾಂಸವೇನೋ ತನ್ನ ಕಾಲ ಮೇಲೆ ತಾನೇ ನಡೆದು ಹಡಗು ಹತ್ತುತ್ತಿತ್ತು, ಹಸಿರು ತರಕಾರಿ ಮಾತ್ರ ಕೆಲವೇ ದಿನಗಳಲ್ಲಿ ಬಾಡುತ್ತಿತ್ತು. ತಾಜಾ ಹಣ್ಣು ತರಕಾರಿ ಸಿಗದೆ ಒಸಡು ಕೊಳೆಯುವ ಸ್ಕರ್ವಿ ರೋಗಕ್ಕೆ ಸಾವಿರಾರು ನಾವಿಕರು ಬಲಿಯಾದರು. ಕಿತ್ತಳೆ, ನಿಂಬೆ ಈ ರೋಗಕ್ಕೆ ಮದ್ದೆಂದು 1747ರಲ್ಲಿ ಜೇಮ್ಸ್ ಲಿಂಡ್ ಎಂಬ ವೈದ್ಯ ಹಡಗಿನಲ್ಲೇ ಪ್ರಯೋಗ ಮಾಡಿ ತೋರಿಸಿದ. ಬ್ರಿಟಿಷ್ ನೌಕಾಪಡೆ ನಿಂಬೆರಸವನ್ನು ಕ್ರಮವಾಗಿ ಕೊಡಲು ನಿರ್ಧರಿಸಿದ್ದು 1795ರಲ್ಲಿ. ನೆಲದ ಮೇಲೆ ಬಡವರ ಪಾಲಿನದಾಗಿದ್ದ ಸೊಪ್ಪು ಸದೆ ಕಡಲ ಮೇಲೆ ದುರ್ಲಭ ವಸ್ತುವಾಗಿತ್ತು.

ಹಬೆಯಂತ್ರ ಬಂದು ಪ್ರಯಾಣದ ದಿನಗಳು ಕಡಿಮೆಯಾದವು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಮೊಟಕಾಯಿತು. 1882ರಲ್ಲಿ 'ಡನೀಡಿನ್' ಎಂಬ ಹಡಗು ನ್ಯೂಜಿಲೆಂಡಿನಿಂದ ಲಂಡನ್ನಿಗೆ ಹೆಪ್ಪುಗಟ್ಟಿಸಿದ ಮಾಂಸವನ್ನು ಕೆಡದಂತೆ ತಲುಪಿಸಿದ ಮೇಲೆ ಶೀತಕೋಠಿಗಳಿಗೆ ಬೇಡಿಕೆ ಬಂತು. ಅವು ಬಂದದ್ದು ಮಾಂಸಕ್ಕಾಗಿ, ಆದರೆ ಲಾಭ ತರಕಾರಿಗೂ ಆಯಿತು.

ಕೇಳಿದ್ದಕ್ಕೆ ಸಿಕ್ಕ ಪಲ್ಯ

ಗಾಂಧಿ ಬ್ಯಾರಿಸ್ಟರಾಗಿ 1891ರ ಜೂನ್‌ನಲ್ಲಿ ಲಂಡನ್ನಿನಿಂದ ಹಿಂದಿರುಗುವಾಗ ಬೇರೆಯೇ ವ್ಯಕ್ತಿಯಾಗಿದ್ದರು. ಹೆನ್ರಿ ಸಾಲ್ಟ್ ಎಂಬಾತನ ಪುಸ್ತಕ ಓದಿ ಅವರು ವಿಚಾರಪೂರ್ವಕವಾಗಿಯೇ ಶಾಕಾಹಾರಿಯಾಗಿದ್ದರು. ಲಂಡನ್ನಿನ ಶಾಕಾಹಾರಿ ಸಂಘದ ಕಾರ್ಯಕಾರಿ ಸಮಿತಿಯಲ್ಲೂ ಇದ್ದರು. ಊರಿಗೆ ಬಂದ ಬಗೆಯನ್ನು ಅವರು 1892ರಲ್ಲಿ ಲಂಡನ್ನಿನ 'ವೆಜಿಟೇರಿಯನ್' ಪತ್ರಿಕೆಗೆ ಬರೆದರು. 'ಓಷಿಯಾನ' ಹಡಗಿನಲ್ಲಿ ತನ್ನನ್ನೂ ಸೇರಿಸಿ ಇಬ್ಬರು ಶಾಕಾಹಾರಿಗಳಿದ್ದರು, ಏನೂ ಸಿಗದಿದ್ದರೆ ಆಲೂಗಡ್ಡೆ, ಎಲೆಕೋಸು, ಬೆಣ್ಣೆಯಲ್ಲಿ ದಿನ ಕಳೆಯಲು ಸಿದ್ಧರಾಗಿದ್ದರು. ಆದರೆ ಊಟದ ಮೇಲ್ವಿಚಾರಕ ಅವರಿಗೆ ತರಕಾರಿಯ ಪಲ್ಯ, ಅನ್ನ, ಕಂದು ಬ್ರೆಡ್ಡು ಕೊಟ್ಟ. ಮೊದಲ ದರ್ಜೆಯ ಅಡುಗೆಮನೆಯಿಂದ ಬೇಯಿಸಿದ ಹಣ್ಣು, ತಾಜಾ ಹಣ್ಣುಗಳನ್ನೂ ತರಿಸಿಕೊಟ್ಟ. ಬೇಕಾದದ್ದೆಲ್ಲ ಸಿಕ್ಕಿತು.

ಎರಡು ಹಡಗುಗಳೂ ಪಿ. ಅಂಡ್ ಓ. ಕಂಪೆನಿಯವೇ. ನಡುವಿನ ಮೂರು ವರ್ಷಗಳಲ್ಲಿ ಬದಲಾದದ್ದು ಅಡುಗೆಮನೆಗಿಂತ ಹೆಚ್ಚಾಗಿ ಪ್ರಯಾಣಿಕ. ಅಕ್ಕಿ, ತರಕಾರಿ, ಹಣ್ಣು ಹಡಗಿನ ಉಗ್ರಾಣದಲ್ಲಿ ಇದ್ದೇ ಇದ್ದವು. ಅವುಗಳನ್ನು ಬೇಡುವವರು ಬೇಕಾಗಿತ್ತು.

ಅಷ್ಟೇ ಅಲ್ಲ, ಬೇರೆ ಬೇರೆ ಒಲೆ ಹೂಡುವುದು ಈ ಹಡಗುಗಳಿಗೆ ಹೊಸದೂ ಆಗಿರಲಿಲ್ಲ. ಬ್ರಿಟಿಷ್ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತೀಯ ಖಲಾಸಿಗಳಿಗೆ ಅವರವರ ಅಡುಗೆಯವರಿರುತ್ತಿದ್ದರು. ಅಟ್ಟಣೆಯ ಕೆಲಸದವರು, ಎಂಜಿನ್ ಕೋಣೆಯವರು, ಊಟ ಬಡಿಸುವ ಗೋವಾದ ಕ್ರೈಸ್ತರು ಹೀಗೆ ಮೂರು ಪಂಗಡಗಳಿಗೆ ಮೂರು ಬಗೆಯ ಅಡುಗೆ. ಆ ಅಡುಗೆಯವನಿಗೆ ಹಡಗಿನ ಭಾಷೆಯಲ್ಲಿ 'ಭಂಡಾರಿ' ಎಂದು ಹೆಸರು. ಕನ್ನಡಿಗರಿಗೆ ಭಂಡಾರಿ ಎಂದರೆ ಬಿಜ್ಜಳನ ಬೊಕ್ಕಸ ನೋಡಿಕೊಂಡ ಬಸವಣ್ಣನವರು ನೆನಪಾಗುತ್ತಾರೆ. ಹಡಗಿನ ಭಂಡಾರಿಯ ಬೊಕ್ಕಸದಲ್ಲಿದ್ದದ್ದು ಅಕ್ಕಿ, ಬೇಳೆ, ಮೆಣಸಿನಕಾಯಿ. ಪದ ಮಾತ್ರ ಒಂದೇ.

ಕೇಳಲಾಗದವರು

ಗಾಂಧಿ ಓಡಾಡಿದ ಕಾಲದಲ್ಲೇ ಮತ್ತೊಂದು ಬಗೆಯ ಹಡಗುಗಳೂ ಕಡಲಲ್ಲಿದ್ದವು. ಕರಾರು ಕೂಲಿಗಳನ್ನು ಹೊತ್ತು ಮಾರಿಷಸ್, ಟ್ರಿನಿಡಾಡ್, ಗಯಾನಾ, ಫಿಜಿಯ ಕಬ್ಬಿನ ತೋಟಗಳಿಗೆ ಹೋಗುತ್ತಿದ್ದ ಹಡಗುಗಳವು. 1879ರಿಂದ 1916ರವರೆಗೆ ಫಿಜಿ ಒಂದಕ್ಕೇ 60 ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಸಾಗಿಸಲಾಯಿತು. ಮೊದಲು ಕಲ್ಕತ್ತೆಯಿಂದ, 1903ರಿಂದ ಮದ್ರಾಸಿನಿಂದಲೂ ಜನ ಹೋದರು. ಯಾರಿಗೆ ಎಷ್ಟು ಅಕ್ಕಿ, ಬೇಳೆ, ತುಪ್ಪ, ಉಪ್ಪು, ಅರಿಶಿನ ಎಂಬುದನ್ನು ಸರ್ಕಾರದ ನಿಯಮವೇ ನಿಗದಿ ಮಾಡಿತ್ತು. ಕಾಗದದ ಮೇಲೆ ಲೆಕ್ಕ ಚೊಕ್ಕವಾಗಿತ್ತು.

ಅದು ಹಡಗಿನಲ್ಲಿ ಹೇಗಿತ್ತು ಎಂಬುದನ್ನು ತೋತಾರಾಮ ಸನಾಢ್ಯ ಬರೆದಿಟ್ಟಿದ್ದಾರೆ. ಉತ್ತರ ಭಾರತದ ಬಡ ಬ್ರಾಹ್ಮಣ ಕುಟುಂಬದ ಈ ಯುವಕ 1893ರಲ್ಲಿ ಫಿಜಿಗೆ ಹೋದವರು. ಹಡಗು ಹತ್ತಿದವರಿಗೆ ಕೊಟ್ಟದ್ದು ನಾಯಿ ಬಿಸ್ಕತ್ತೆಂದು ಕರೆಯುತ್ತಿದ್ದ ಗಟ್ಟಿ ಬಿಸ್ಕತ್ತು. ನೀರಿನಲ್ಲಿ ನೆನೆಸದೆ ಅದನ್ನು ಕಡಿಯಲು ಆಗುತ್ತಿರಲಿಲ್ಲ. ಕೂಲಿಗಳಲ್ಲೇ ಕೆಲವರನ್ನು ಅಡುಗೆಗೆ, ಕೆಲವರನ್ನು ಕಕ್ಕಸು ತೊಳೆಯಲು ನೇಮಿಸುತ್ತಿದ್ದರು. ಯಾರ ಪಕ್ಕ ಯಾರು ಕೂರಬೇಕು, ಯಾರ ಕೈಯ ಅನ್ನ ಯಾರು ಉಣ್ಣಬೇಕು ಎಂಬ ಊರಿನ ಕಟ್ಟಳೆಗಳಿಗೆ ಅಲ್ಲಿ ಜಾಗವಿರಲಿಲ್ಲ.

ಈ ಬಲವಂತದ ಸಹಪಂಕ್ತಿಗೆ ಇನ್ನೊಂದು ಮುಖವೂ ಇದೆ. ಒಂದೇ ಹಂಡೆಯ ಅನ್ನ ಉಂಡು, ಒಂದೇ ಅಟ್ಟಣೆಯಲ್ಲಿ ಮಲಗಿ ಬಂದವರು ಪರಸ್ಪರ 'ಜಹಾಜಿ ಭಾಯಿ', ಅಂದರೆ ಹಡಗಿನ ಅಣ್ಣತಮ್ಮ ಎಂದು ಕರೆದುಕೊಂಡರು. ತೋಟಗಳಲ್ಲಿ ಆ ನಂಟು ರಕ್ತಸಂಬಂಧದಷ್ಟೇ ಗಟ್ಟಿಯಾಯಿತು. ಹೀಗೆ ಸಡಿಲವಾದ ಜಾತಿಯ ಕಟ್ಟು ಮತ್ತೆ ಊರಿನಲ್ಲಿದ್ದಷ್ಟು ಬಿಗಿಯಾಗಲಿಲ್ಲ. ಆದರೂ ಒಂದು ಮಾತು ಮರೆಯುವಂತಿಲ್ಲ. ಜಾತಿಯನ್ನು ಬೇಕೆಂದೇ ಬಿಡುವುದು ಬೇರೆ, ಬೇರೆ ಅನ್ನವೇ ಇಲ್ಲದೆ ಬಿಡುವುದು ಬೇರೆ.

ಪ್ರಯಾಣಿಕರು ಬಡವರಾಗಿದ್ದರೂ ತಮ್ಮ ಹಣದಲ್ಲೇ ಟಿಕೆಟು ಕೊಳ್ಳುತ್ತಿದ್ದರೆ ಕಂಪೆನಿಗಳ ನಡತೆ ಹೇಗಿರುತ್ತಿತ್ತು? ಇದಕ್ಕೆ ಅಟ್ಲಾಂಟಿಕ್ ಸಾಗರದಲ್ಲಿ ಉತ್ತರ ಸಿಗುತ್ತದೆ. 1881ರಿಂದ 1924ರವರೆಗೆ ಪೂರ್ವ ಯೂರೋಪಿನಿಂದ ಸುಮಾರು 20 ಲಕ್ಷ ಯಹೂದಿಗಳು ಅಮೆರಿಕಕ್ಕೆ ವಲಸೆ ಹೋದರು. ಹೆಚ್ಚಿನವರು ಮೂರನೆಯ ದರ್ಜೆಯವರು. ಅವರ ಧರ್ಮದಲ್ಲಿ ಹಂದಿ ನಿಷಿದ್ಧ, ಮಾಂಸ ಬೆಂದ ಪಾತ್ರೆಯಲ್ಲಿ ಹಾಲು ಕಾಯಿಸುವಂತಿಲ್ಲ. ಇಷ್ಟೊಂದು ಗಿರಾಕಿಗಳನ್ನು ಪ್ರತಿಸ್ಪರ್ಧಿಗಳಿಗೆ ಬಿಟ್ಟುಕೊಡಲು ಹಡಗು ಕಂಪೆನಿಗಳು ಸಿದ್ಧವಿರಲಿಲ್ಲ. 1912ರಲ್ಲಿ ಮುಳುಗಿದ 'ಟೈಟಾನಿಕ್' ಹಡಗಿನ ಸಿಬ್ಬಂದಿಯಲ್ಲಿ ಯಹೂದಿ ಊಟಕ್ಕೆಂದೇ ಒಬ್ಬ ಅಡುಗೆಯವನಿದ್ದ. ಹಡಗು ಕಂಪೆನಿಗಳ ಮನಸ್ಸನ್ನು ಕರಗಿಸಿದ್ದು ಧರ್ಮಕ್ಕಿಂತ ಟಿಕೆಟಿನ ಲೆಕ್ಕವೇ.

ತುಪ್ಪ ಒಲ್ಲದವರು, ಈರುಳ್ಳಿ ಒಲ್ಲದವರು

ಶಾಕಾಹಾರಿಗಳ ಸಂಘ ಇಂಗ್ಲೆಂಡಿನಲ್ಲಿ ಹುಟ್ಟಿದ್ದು 1847ರಲ್ಲಿ, ಅದೂ ರಾಮ್ಸ್‌ಗೇಟ್ ಎಂಬ ಕಡಲತಡಿಯ ಊರಿನಲ್ಲಿ. ಹಾಲು, ಮೊಟ್ಟೆಗಳನ್ನೂ ಬಿಡಬೇಕೆಂದ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು 1944ರಲ್ಲಿ ಬೇರೆ ಸಂಘ ಕಟ್ಟಿದರು. 'ವೆಜಿಟೇರಿಯನ್' ಎಂಬ ಇಂಗ್ಲಿಷ್ ಪದದ ತಲೆ ಬಾಲಗಳನ್ನು ಜೋಡಿಸಿ 'ವೀಗನ್' ಎಂಬ ಪದ ಟಂಕಿಸಿದರು. ಗಾಂಧಿ ಅದಕ್ಕೂ ಮೊದಲು, 1912ರಲ್ಲೇ ಹಾಲು ಬಿಡುವ ವ್ರತ ತೊಟ್ಟಿದ್ದರು. ಕಾಯಿಲೆ ಬಿದ್ದ ಮೇಲೆ ಆಡಿನ ಹಾಲಿಗೆ ಒಪ್ಪಬೇಕಾಯಿತೆಂಬ ಕೊರಗು ಅವರಿಗೆ ಕಡೆಯವರೆಗೂ ಇತ್ತು.

ಇಂದಿನ ವಿಹಾರ ಹಡಗಿನ ಅಡುಗೆಯವರ ತಲೆನೋವು ಇಲ್ಲಿಂದಲೇ ಆರಂಭವಾಗುತ್ತದೆ. ಶಾಕಾಹಾರ ಎಂಬುದು ಒಂದೇ ಊಟವಲ್ಲ. ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಬಾಡಿಸಿದ ಪಲ್ಯ ವೀಗನ್ ಪ್ರಯಾಣಿಕನಿಗೆ ಸರಿ, ಗೆಡ್ಡೆ ತಿನ್ನದ ಜೈನರಿಗೆ ಸಲ್ಲದು. ತುಪ್ಪ ಸುರಿದ ಕೇಸರಿಬಾತು ಜೈನರಿಗೆ ಸರಿ, ವೀಗನ್ನರಿಗೆ ಸಲ್ಲದು. ಮಾಂಸವಿಲ್ಲದಂತೆ ಕಾಣುವ ಪದಾರ್ಥದಲ್ಲೂ ಮಾಂಸ ಅಡಗಿರಬಹುದು. ತರಕಾರಿ ಸೂಪಿಗೆ ಎಲುಬಿನ ರಸ, ಜೆಲ್ಲಿಗೆ ಪ್ರಾಣಿಜನ್ಯ ಜೆಲಟಿನ್, ಕೆಲವು ಚೀಸುಗಳಿಗೆ ಕರುವಿನ ಹೊಟ್ಟೆಯಿಂದ ತೆಗೆದ ಕಿಣ್ವ, ವೂಸ್ಟರ್ ಸಾಸಿಗೆ ಸಣ್ಣ ಮೀನು ಬಿದ್ದಿರುತ್ತವೆ. ಮೀನು ಕರಿದ ಎಣ್ಣೆಯಲ್ಲೇ ಬಜ್ಜಿ ಕರಿದರೆ ಬಜ್ಜಿಯ ಹೂರಣ ಏನಿದ್ದರೂ ವ್ಯರ್ಥ.

ನೆಲದ ಮೇಲಿನ ಹೋಟೆಲಿನಲ್ಲಿ ತೊಂಡೆಕಾಯಿ ಮುಗಿದರೆ ಹುಡುಗನನ್ನು ಮಾರುಕಟ್ಟೆಗೆ ಓಡಿಸಬಹುದು. ನಡುಗಡಲಲ್ಲಿ ಅದು ಸಾಧ್ಯವಿಲ್ಲ. ಯಾರು ಏನು ತಿನ್ನುತ್ತಾರೆಂಬ ಅಂದಾಜು ಹಡಗು ಬಂದರು ಬಿಡುವ ಮೊದಲೇ ಆಗಬೇಕು. ಆದ್ದರಿಂದಲೇ ವಿಶೇಷ ಊಟ ಬೇಕಾದವರು ಟಿಕೆಟು ಕೊಳ್ಳುವಾಗಲೇ ತಿಳಿಸಬೇಕೆಂದು ಕಂಪೆನಿಗಳು ಕೇಳಿಕೊಳ್ಳುತ್ತವೆ. ಮಾಂಸ, ಮೀನು, ಹಾಲು, ತರಕಾರಿಗೆ ಬೇರೆ ಬೇರೆ ಶೀತಕೋಠಿಗಳಿರುತ್ತವೆ.

ಓಷಿಯಾನಿಯಾ ಎಂಬ ವಿದೇಶಿ ಕಂಪೆನಿ 2017ರಲ್ಲಿ ತನ್ನ ಹಡಗುಗಳಲ್ಲಿ ಸಸ್ಯಮೂಲದ ತಿನಿಸುಗಳ ದೊಡ್ಡ ಪಟ್ಟಿಯನ್ನೇ ತಂದಿತು. 2021ರ ಸೆಪ್ಟೆಂಬರ್‌ನಲ್ಲಿ ಮುಂಬೈಯಿಂದ ವಿಹಾರ ಯಾತ್ರೆ ಆರಂಭಿಸಿದ ಕಾರ್ಡೇಲಿಯಾದ ಹಡಗಿನಲ್ಲಿ ಜೈನ ಊಟದ ಏರ್ಪಾಟೂ ಇತ್ತು. ಗುಜರಾತ್, ಮುಂಬೈಯ ಗಿರಾಕಿಗಳನ್ನು ಬಯಸುವ ಯಾವ ಹಡಗೂ ಈ ಬಾಬತ್ತನ್ನು ಕಡೆಗಣಿಸಲಾರದು. ಬಹಿಷ್ಕಾರಕ್ಕೆ ಅಂಜಿ ಬಂದರಿಗೆ ಕಾಲಿಡದಿದ್ದ ಸಮುದಾಯಗಳ ಮೊಮ್ಮಕ್ಕಳು ಇಂದು ಅದೇ ಮುಂಬೈ ಬಂದರಿನಿಂದ ಸಕುಟುಂಬ ಹೊರಡುತ್ತಾರೆ, ಸಿಹಿತಿಂಡಿಯ ಡಬ್ಬಿಯ ಹಂಗಿಲ್ಲದೆ.

ಇಷ್ಟಾದರೂ ಹಳೆಯ ಭೇದ ಪೂರಾ ಅಳಿದಿಲ್ಲ. ವಿಹಾರ ಹಡಗುಗಳ ಕೆಳ ಅಂತಸ್ತಿನಲ್ಲಿ ಸಿಬ್ಬಂದಿಯ ಭೋಜನಶಾಲೆ ಬೇರೆಯೇ ಇರುತ್ತದೆ. ಫಿಲಿಪೈನ್ಸ್, ಇಂಡೊನೇಷ್ಯದವರ ಜೊತೆ ಗೋವಾ, ಮಂಗಳೂರಿನ ಕಡೆಯ ಹುಡುಗರೂ ಅಲ್ಲಿ ಅನ್ನ ಸಾರಿಗೆ ಸಾಲು ನಿಲ್ಲುತ್ತಾರೆ. ಮೇಲಿನ ಅಂತಸ್ತಿನಲ್ಲಿ ನೂರಾರು ತಿನಿಸುಗಳನ್ನು ಬೇಯಿಸಿ ಬಡಿಸುವ ಕೈಗಳು ಅವರವೇ. ತಮ್ಮ ಊಟದ ಪಟ್ಟಿಯಲ್ಲಿ ಮಾತ್ರ ಅವರಿಗೆ ಅಷ್ಟು ಆಯ್ಕೆ ಇಲ್ಲ. ಒಂದು ಹಡಗು ತನ್ನ ಜನರನ್ನು ಹೇಗೆ ಕಾಣುತ್ತದೆ ಎಂದು ತಿಳಿಯಲು ಪ್ರಯಾಣಿಕರ ಮೇಜಿನ ಜೊತೆಗೆ ಆ ಸಾಲಿನಲ್ಲಿ ನಿಂತವರ ತಟ್ಟೆಯನ್ನೂ ನೋಡಬೇಕು.